ವೀರಲವ ಮತ್ತು ಪಾಸಿಂಗ್ ಪ್ಯಾಕೇಜ್

ಸುರಪುರ ತಾಲ್ಲೂಕಿನ ದೇವಾಪುರದವರಿಗೆ ಲಕ್ಷ್ಮೀಶ ತಮ್ಮೂರ ಕವಿ. ಕಡೂರು ತಾಲ್ಲೂಕಿನ ದೇವನೂರಿನವರೂ ಅದನ್ನೇ ಹೇಳುತ್ತಾರೆ. ಹೆಚ್ಚಿನ ವಿದ್ವಾಂಸರ ಒಲವು ದೇವನೂರಿನ ಕಡೆಗೇ. ಈ ಜಗಳ ಬೇಗ ಮುಗಿಯುವಂಥದ್ದಲ್ಲ, ಮುಗಿಯಲೆಂಬ ಆತುರವೂ ನನಗಿಲ್ಲ. ಕವಿ ನಮ್ಮವನೆಂದು ಹಟ ಹಿಡಿಯುವ ನಾಡಿನಲ್ಲೇ ಅವನ ಪದ್ಯವನ್ನು ಓದದೆ ಹತ್ತನೇ ತರಗತಿ ದಾಟಬಹುದು ಎಂಬುದಷ್ಟೇ ನನ್ನ ತಕರಾರು.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಆ ಸುರಪುರವಿರುವ ಯಾದಗಿರಿಯೇ ರಾಜ್ಯಕ್ಕೆ ಕಡೆಯ ಜಿಲ್ಲೆ. ಇಂಥ ಫಲಿತಾಂಶ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮಾತು: ಹುಡುಗರಿಗೆ ಇವತ್ತಿನ ಕನ್ನಡ ಓದಾಕೇ ಬರಂಗಿಲ್ಲ, ಇನ್ನ ನಡುಗನ್ನಡ ಯಾಕ್ರೀ? ಸಾರಾಂಶ ಬರೆಸಿ, ಪಾಸಾಗಲು ಸಾಕಾಗುವಷ್ಟು ಪ್ರಶ್ನೋತ್ತರದ ‘ಪಾಸಿಂಗ್ ಪ್ಯಾಕೇಜ್’ ಬಾಯಿಪಾಠ ಮಾಡಿಸಿ, ದಡ ದಾಟಿಸಿ. ಕಳಕಳಿಯ ಮಾತೇ ಇರಬಹುದು. ಆದರೆ ಓದು ಬಾರದ ಮಗುವಿನಿಂದ ಓದುವ ಕೆಲಸವನ್ನೇ ಕಿತ್ತುಕೊಳ್ಳುವುದು ಎಂಥ ಉಪಾಯ?

ಪಠ್ಯದಲ್ಲಿರುವ ‘ವೀರಲವ’ವನ್ನೇ ನೋಡಿ. ಅದು ಲಕ್ಷ್ಮೀಶನ ಜೈಮಿನಿ ಭಾರತದ ಭಾಗ. ವಾಲ್ಮೀಕಿ ವರುಣಲೋಕಕ್ಕೆ ಹೋಗಿದ್ದಾನೆ, ತೋಟದ ಕಾವಲು ಲವನದು. ಒಳನುಗ್ಗಿದ ಯಜ್ಞದ ಕುದುರೆಯ ಹಣೆಯಲ್ಲಿ ಬರಹವಿದೆ: ಕೌಸಲ್ಯೆ ಹೆತ್ತ ರಾಮನೊಬ್ಬನೇ ವೀರ, ಬಲವುಳ್ಳವರು ಈ ಕುದುರೆಯನ್ನು ತಡೆಯಲಿ. ಸವಾಲು ಬರೆದವರಿಗೆ ಸೀತೆಯ ಯೋಚನೆಯೇ ಇಲ್ಲ. ಲವ ಮಾತ್ರ ಅಲ್ಲಿ ತನ್ನ ತಾಯಿಗೆ ತಗಲುವ ಮಾತನ್ನು ಓದಿಕೊಳ್ಳುತ್ತಾನೆ. ಒಬ್ಬಳ ಮಗನೇ ವೀರನಾದರೆ ಉಳಿದವರು ಹೆತ್ತದ್ದೇನು? ಇದನ್ನು ಸುಮ್ಮನೆ ಬಿಟ್ಟರೆ ಜನ ತನ್ನವ್ವನನ್ನು ಬಂಜೆ ಎನ್ನರೇ? ಆ ರಾಮ ತನ್ನ ತಂದೆಯೆಂಬುದು ಅವನಿಗೆ ಗೊತ್ತಿಲ್ಲ. ಓದುವ ನಮಗೆ ಗೊತ್ತು.

ಬರೆದದ್ದರಿಂದ ಬರೆಯದಿದ್ದದ್ದನ್ನು ತಿಳಿಯುವುದು ಓದಿನ ಬಹು ದೊಡ್ಡ ವಿದ್ಯೆ. ‘ಲವನಿಗೆ ಸಿಟ್ಟು ಬಂತು, ಕುದುರೆಯನ್ನು ಕಟ್ಟಿದನು’ ಎಂಬ ಸಾರಾಂಶದಲ್ಲಿ ಉಳಿಯುವುದು ಸಿಟ್ಟು ಮತ್ತು ಕುದುರೆ.

ಈ ಪದ್ಯಗಳ ಛಂದಸ್ಸಾದ ವಾರ್ಧಕ ಷಟ್ಪದಿಯ ಗತಿಯೂ ಹೀಗೇ ಬಡವಾಗಿದೆ. ಪರೀಕ್ಷೆಗೆ ಪ್ರಸ್ತಾರ ಹಾಕಿಸುತ್ತಾರೆ. ಇಪ್ಪತ್ತು ಮಾತ್ರೆಯ ಸಾಲು, ಮೂವತ್ತೆರಡು ಮಾತ್ರೆಯ ಸಾಲು, ಲಘು ಗುರು ಗೀಚಿದರೆ ಅಂಕ ಸಿಕ್ಕಿತು. ಪದ್ಯವನ್ನು ಬಾಯಿಬಿಟ್ಟು ಓದುವ ಪ್ರಸಂಗವೇ ಬರುವುದಿಲ್ಲ. ಗಟ್ಟಿಯಾಗಿ ಓದಿದರೆ ತಾನೇ ಪದ ಎಲ್ಲಿ ಒಡೆಯುತ್ತದೆ, ವಾಕ್ಯದ ಕ್ರಿಯಾಪದ ಎಲ್ಲಿ ಅಡಗಿದೆ ಎಂದು ಕಿವಿಗೆ ಬೀಳುವುದು? ಗಮಕಿ ಒಂದು ಪದ್ಯ ಹಾಡಿ, ವ್ಯಾಖ್ಯಾನಕಾರ ಅದನ್ನು ಬಿಡಿಸಿ ಹೇಳುತ್ತಿದ್ದಾಗ ಅಕ್ಷರ ಬಾರದವರಿಗೂ ಕಾವ್ಯ ದಕ್ಕುತ್ತಿತ್ತು. ಗಣಿತದ ಉದ್ದನೆಯ ಲೆಕ್ಕದಲ್ಲಿ ಕೇಳಿದ್ದೇನೆಂದು ಹುಡುಕುವುದಕ್ಕೂ ಬೇಕಾದದ್ದು ಇದೇ ಬಿಡಿಸುವ ಅಭ್ಯಾಸ.

ನಿಜ, ಯಾದಗಿರಿಯಲ್ಲಿ ಶಿಕ್ಷಕರ ಹುದ್ದೆಗಳು ಖಾಲಿ ಇವೆ, ಮಕ್ಕಳು ಹೆತ್ತವರ ಜೊತೆ ಗುಳೆ ಹೋಗುತ್ತಾರೆ. ಲಕ್ಷ್ಮೀಶ ಇದಕ್ಕೆ ಮದ್ದಲ್ಲ. ಪ್ಯಾಕೇಜೂ ಅಲ್ಲ. ಆದರೆ ಒಂದು ಅವಧಿಗೆ ಒಂದೇ ಪದ್ಯ ಓದಿಸಲು ಯಾರ ಮಂಜೂರಾತಿಯೂ ಬೇಕಿಲ್ಲ.

ಪ್ರಶ್ನೆಪತ್ರಿಕೆ ತೆಗೆಯುವವರು ಒಮ್ಮೆ ಹೀಗೆ ಕೇಳಲಿ: ಆ ಬರಹದಲ್ಲಿ ಕೌಸಲ್ಯೆಯ ಹೆಸರು ಇರದಿದ್ದರೆ ಲವ ಕುದುರೆಯನ್ನು ಕಟ್ಟುತ್ತಿದ್ದನೇ? ಕಟ್ಟುತ್ತಿದ್ದ ಎಂದವರಿಗೂ ಅಂಕ ಕೊಡಿ, ಇಲ್ಲ ಎಂದವರಿಗೂ ಕೊಡಿ. ಯಾಕೆಂದು ಬರೆಯದವರಿಗೆ ಮಾತ್ರ ಬೇಡ.