ಹೋದದ್ದರ ಲಾಭ, ಬಂದದ್ದರ ಲಾಭ

ಪ್ರೀಆಂಪ್ ಬಿಚ್ಚಿ ಕೆಪಾಸಿಟರ್ ಬದಲಿಸಿದವರೆಲ್ಲ ಹೇಳುವುದು ಒಂದೇ: ಸ್ವರ ಬಿಚ್ಚಿಕೊಂಡಿತು, ಗಾಯಕರು ಎದುರಿಗೇ ಕೂತಂತಾಯಿತು. ಇರಬಹುದು. ಆದರೆ ಎರಡು ಗಂಟೆ ಬೆಸುಗೆಯ ಹೊಗೆ ಕುಡಿದು, ಕೈಯಿಂದ ಸಾವಿರಗಟ್ಟಲೆ ಕಳೆದುಕೊಂಡು ಎದ್ದವನ ಕಿವಿಗೆ ಬೇರೇನು ಕೇಳಿಸೀತು? ಹಳೆಯದು ಹೋದದ್ದರಿಂದ ಆದ ಲಾಭ ಎಷ್ಟು, ದುಬಾರಿಯದು ಬಂದದ್ದರಿಂದ ಆದ ಲಾಭ ಎಷ್ಟು ಎಂದು ಬಿಡಿಸಿ ನೋಡಿದವರು ಕಡಿಮೆ.

ಮೊದಲು ಹೋದದ್ದರ ಲೆಕ್ಕ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಡಬ್ಬಿಯೊಳಗೆ ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ದ್ರವದಲ್ಲಿ ನೆನೆದ ಕಾಗದ. ವರ್ಷ ಕಳೆದಂತೆ ದ್ರವ ಆರುತ್ತದೆ, ಶಕ್ತಿ ಕುಂದುತ್ತದೆ. ಬಿಸಿ 10 ಡಿಗ್ರಿ ಇಳಿದರೆ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿ ಎಂಬುದು ಈ ಕಸುಬಿನವರ ಅಂದಾಜು. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದು 55 ಡಿಗ್ರಿಯಲ್ಲಿ 64,000 ಗಂಟೆ ಬಾಳಬೇಕು; ದಿನಕ್ಕೆ 4 ಗಂಟೆ ಹಾಡು ಕೇಳುವ ಮನೆಯಲ್ಲಿ ನಲವತ್ತು ವರ್ಷ ದಾಟುತ್ತದೆ. ಹಾಗಾಗಿ ಐದು ವರ್ಷದ ಪ್ರೀಆಂಪಿಗೆ ಈ ಶಸ್ತ್ರಚಿಕಿತ್ಸೆ ಬೇಕಿಲ್ಲ. 1967ರಲ್ಲಿ ಬಂದ ಕ್ವಾಡ್ 33 ನಿಮ್ಮ ಬಳಿ ಇದ್ದರೆ ಮಾತ್ರ ಯೋಚಿಸುತ್ತ ಕೂರಬೇಡಿ. ಅದರ ಕೆಪಾಸಿಟರುಗಳು ಸುಮ್ಮನೆ ಕೂತೇ ಒಣಗಿರುತ್ತವೆ.

ಪವರ್ ಸಪ್ಲೈಯ ಕೆಪಾಸಿಟರುಗಳನ್ನು ಬದಲಿಸಿದರೆ ಗುಂಯ್‌ಗುಡುವುದು ನಿಲ್ಲಬಹುದು. ಸಂಗೀತ ನೇರವಾಗಿ ಹಾದುಹೋಗುವುದು ಕಪ್ಲಿಂಗ್ ಕೆಪಾಸಿಟರಿನ ಮೂಲಕ. ಒಂದು ಹಂತದ ಡಿಸಿ ಮುಂದಿನ ಹಂತಕ್ಕೆ ನುಗ್ಗಬಾರದು, ಹಾಡು ಮಾತ್ರ ದಾಟಬೇಕು; ಅದರ ಕೆಲಸ ಹೊಳೆಯ ಕಡವಿನವನದು. ಮುಂದಿನ ಹಂತ 10 ಕಿಲೋಓಮ್ ಇದ್ದರೆ 10 ಮೈಕ್ರೋಫ್ಯಾರಡ್ ಸಾಕು, 1.6 ಹರ್ಟ್ಸ್‌ವರೆಗೂ ಇಳಿಯುತ್ತದೆ ಎನ್ನುತ್ತದೆ ಪುಸ್ತಕದ ಲೆಕ್ಕ. ಬ್ರಿಟನ್ನಿನ ಆಡಿಯೊ ಎಂಜಿನಿಯರ್ ಡಗ್ಲಸ್ ಸೆಲ್ಫ್ ಅಳತೆ ಮಾಡಿ ತೋರಿಸಿದ್ದು ಬೇರೆ: ಎಲೆಕ್ಟ್ರೋಲೈಟಿಕ್ ಸ್ವರ ಕೆಡಿಸುವುದು ತನ್ನ ಎರಡು ತುದಿಗಳ ನಡುವೆ ಸಿಗ್ನಲಿನ ವೋಲ್ಟೇಜು ಬೆಳೆದಾಗ. 20 ಹರ್ಟ್ಸ್‌ನಲ್ಲಿ 10 ಮೈಕ್ರೋಫ್ಯಾರಡ್ ಒಡ್ಡುವ ತಡೆ ಸುಮಾರು 800 ಓಮ್, ಅಂದರೆ ಸಿಗ್ನಲಿನ 8% ಅದರ ಮೇಲೇ ನಿಲ್ಲುತ್ತದೆ. ಅಲ್ಲಿ 100 ಮೈಕ್ರೋಫ್ಯಾರಡ್ ಹಾಕಿ, ಆ ಪಾಲು 1%ಕ್ಕಿಂತ ಕೆಳಗಿಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದಕ್ಕೆ ಕೆಲವೇ ರೂಪಾಯಿ. ಇದಕ್ಕಿಂತ ಅಗ್ಗದ ಸುಧಾರಣೆ ನನಗೆ ಗೊತ್ತಿಲ್ಲ. ಸ್ವಿಚ್ ಹಾಕಿದೊಡನೆ 'ಧಪ್' ಅನ್ನುವುದು ತುಸು ಹೆಚ್ಚೀತು, ಅಷ್ಟೆ.

ದ್ರವದ ಬದಲು ಪ್ಲಾಸ್ಟಿಕ್ ಪೊರೆ ಇರುವ ಫಿಲ್ಮ್ ಕೆಪಾಸಿಟರಿನ ಮೋಹಕ್ಕೆ ವಾಲ್ಟ್ ಯುಂಗ್ ಮತ್ತು ರಿಚರ್ಡ್ ಮಾರ್ಷ್ 1980ರಲ್ಲಿ ಅಮೆರಿಕದ 'ಆಡಿಯೊ' ಪತ್ರಿಕೆಯಲ್ಲಿ ಬರೆದ ಲೇಖನಗಳು ದೊಡ್ಡ ಕಾರಣ. ಪಾಲಿಪ್ರೊಪಿಲೀನ್ ಪೊರೆಯದು ಒಳ್ಳೆಯದೇ, ಆದರೆ ಗಾತ್ರದಲ್ಲಿ ಭಾರಿ. 10 ಮೈಕ್ರೋಫ್ಯಾರಡಿನದು ಬೋರ್ಡಿನ ಮೇಲೆ ಕೂರುವುದೇ ಕಷ್ಟ. ಅದಕ್ಕೆ ಸರಿಯಾದ ಜಾಗ ವಾಲ್ವ್ ಪ್ರೀಆಂಪ್. ಅಲ್ಲಿ ಮುಂದಿನ ಹಂತ 100 ಕಿಲೋಓಮ್ ದಾಟಿರುವುದರಿಂದ 1 ಮೈಕ್ರೋಫ್ಯಾರಡ್ ಧಾರಾಳ. ಆದರೆ ಪ್ಲಗ್ ಕಿತ್ತ ಮೇಲೂ ಅಲ್ಲಿ ಇನ್ನೂರು-ಮುನ್ನೂರು ವೋಲ್ಟ್ ಉಳಿದಿರಬಹುದು. ಅದನ್ನು ರೆಸಿಸ್ಟರಿನ ಮೂಲಕ ಖಾಲಿ ಮಾಡಿಯೇ ಕೈಹಾಕಿ. ಇನ್ನು ಎಲೆಕ್ಟ್ರೋಲೈಟಿಕ್‌ನಲ್ಲೇ, ಜಪಾನಿನ ಎಲ್ನಾ ಕಂಪನಿಯ ಸಿಲ್ಮಿಕ್ ಎಂಬುದರಲ್ಲಿ ಕಾಗದಕ್ಕೆ ರೇಷ್ಮೆಯ ನಾರು ಬೆರೆಸುತ್ತಾರೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಬಲ್ಲ ನಮಗೆ ಕೇಳಲು ಹಿತವಾದ ಸುದ್ದಿ. ಹಾಗೆಂದು ರೇಷ್ಮೆ ಬಿದ್ದಲ್ಲೆಲ್ಲ ಸ್ವರ ನುಣುಪಾಗುತ್ತದೆಂದು ನಂಬಿ ಹಣ ಸುರಿಯಬೇಕಿಲ್ಲ.

ರೆಕಾರ್ಡ್ ಕೇಳುವವರು ದುಡ್ಡು ಹಾಕಬೇಕಾದ ಜಾಗ ಇನ್ನೊಂದಿದೆ: ರೆಕಾರ್ಡು ಕೊರೆಯುವಾಗ ಬದಲಿಸಿದ ಸ್ವರದ ಸಮತೋಲವನ್ನು ಮತ್ತೆ ಸರಿಪಡಿಸುವ ಆರ್‌ಐಎಎ ತಿದ್ದುಪಡಿಯ ಪುಟ್ಟ ಕೆಪಾಸಿಟರುಗಳು. ಎಡಕ್ಕೆ 5% ಹೆಚ್ಚು, ಬಲಕ್ಕೆ 5% ಕಡಿಮೆ ಬಿದ್ದರೆ ಎರಡು ಬದಿಯ ನಡುವೆ ಸುಮಾರು 0.9 ಡೆಸಿಬೆಲ್‌ವರೆಗೆ ವ್ಯತ್ಯಾಸ ಬರಬಹುದು. ಮೀಟರಿಗೆ ಹಿಡಿದು ಆಯ್ದ 1%ದ ಜೋಡಿ ಹಾಕಿದರೆ ಗಾಯಕರು ನಟ್ಟನಡುವೆ ಕೂರುತ್ತಾರೆ. ಇದಕ್ಕೆ ಅಳತೆಯ ಸಾಕ್ಷಿಯೂ ಉಂಟು.

ಇನ್ನು ಬಂದದ್ದರ ಲಾಭ. ಮೊದಲು ಎರಡೂ ಬದಿಗೆ ಸಾಧಾರಣವಾದ, ಅಸಲಿ, ಹೊಸ ಕೆಪಾಸಿಟರುಗಳನ್ನೇ ಹಾಕಿ. ಮುಪ್ಪಿನ ದೋಷ ಅಲ್ಲಿಗೆ ಕಳೆಯಿತು. ಆಮೇಲೆ ಒಂದು ಬದಿಗೆ ಮಾತ್ರ ಅಷ್ಟೇ ಮೈಕ್ರೋಫ್ಯಾರಡಿನ ದುಬಾರಿಯದನ್ನು ಕೂರಿಸಿ. ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ ಹಳೆಯ ಮೋನೊ ಧ್ವನಿಮುದ್ರಣ ಹಚ್ಚಿ. ಎರಡೂ ಬದಿಯ ಸ್ವರವನ್ನು ಸರದಿಯ ಮೇಲೆ ಒಂದೇ ಸ್ಪೀಕರಿಗೆ ಕೊಡಿ, ಆಗ ಕೋಣೆಯ ಪ್ರಭಾವ ಎರಡಕ್ಕೂ ಸಮ. ವಾಲ್ಯೂಮು ಸರಿಸಮ ಇರಲಿ. ಕೂದಲೆಳೆಯಷ್ಟು ಜೋರಾದದ್ದೇ ನಮಗೆ ಚೆಂದ ಅನ್ನಿಸಿಬಿಡುತ್ತದೆ. ತಂಬೂರಿಯ ಜವಾರಿಗೆ, ತಬಲಾದ ಡಗ್ಗಾ ಜಾರುವಾಗಿನ ತುಂಬು ನಾದಕ್ಕೆ ಕಿವಿಗೊಡಿ. ಬದಿ ಬದಲಿಸುವ ಕೆಲಸ ಮಾತ್ರ ಮನೆಯವರೊಬ್ಬರ ಕೈಲಿರಲಿ, ಯಾವುದು ಹಚ್ಚಿದೆ ಎಂದು ಅವರು ಬಾಯಿಬಿಡದಿರಲಿ.

ಹತ್ತು ಸಲದಲ್ಲಿ ಒಂಬತ್ತು ಸಲ ದುಬಾರಿಯದನ್ನು ಗುರುತಿಸಿ, ಅದೇ ಹಿತವೂ ಅನ್ನಿಸಿದರೆ ಇನ್ನೊಂದು ಬದಿಗೂ ಧಾರಾಳವಾಗಿ ತನ್ನಿ. ಐದಾರು ಸಲಕ್ಕೇ ನಿಂತರೆ ಆ ಹಣದಲ್ಲಿ ಇನ್ನೊಂದು ಒಳ್ಳೆಯ ರೆಕಾರ್ಡು ಬರುತ್ತದೆ. ಅದು ಹೊಸತಾಗಿ ಕೇಳಿಸುತ್ತದೋ ಇಲ್ಲವೋ ಎಂದು ಯಾರನ್ನೂ ಪರೀಕ್ಷೆಗೆ ಕೂರಿಸಬೇಕಾಗಿಲ್ಲ.