ಕಿರುದೋಣಿಯ ಗೃಹಕೃತ್ಯ

ಬಂದರಿನ ಕಟ್ಟೆಗೆ ತಾಗಿ ನಿಂತ ಹಾಯಿದೋಣಿಗಳ ಪೈಕಿ ಕೆಲವದರ ಡೆಕ್ಕಿನ ಮೇಲೆ, ಸುತ್ತಿನ ಪಕ್ಕಕ್ಕೆ ಸುತ್ತು ಕೂಡುವಂತೆ ಹಗ್ಗವನ್ನು ಚಪ್ಪಟೆಯಾಗಿ ಸುರುಳಿಗೊಳಿಸಿ ರಂಗವಲ್ಲಿಯಂತೆ ಬಿಡಿಸಿಟ್ಟಿರುವುದನ್ನು ಕಂಡು ದಾರಿಹೋಕರು ತಲೆದೂಗುವುದುಂಟು. ಸೊಗಸೇನೋ ಸರಿ, ಆದರೆ ಆ ಸುರುಳಿಯ ಅಡಿಯಲ್ಲಿ ತೇವ ನಿಂತು ಹಲಗೆಗೆ ಕಲೆ ಹಿಡಿಯುವುದನ್ನೂ, ಅವಸರದಲ್ಲಿ ಜಗ್ಗಿದಾಗ ಹಗ್ಗ ಮುರುಟಿ ಗಂಟಾಗುವುದನ್ನೂ ಬಲ್ಲವನಿಗೆ ಅದರಲ್ಲಿ ಅತಿಥಿಸತ್ಕಾರದ ಅಲಂಕಾರಕ್ಕಿಂತ ಹೆಚ್ಚಿನದೇನೂ ಕಾಣದು. ಹಗ್ಗದ ಅಚ್ಚುಕಟ್ಟನ್ನು ಅಳೆಯತಕ್ಕದ್ದು ಬಿಟ್ಟೊಡನೆ ಅದು ಹರಿದುಹೋಗುವ ಸರಾಗದಿಂದ. ಈ ಒಂದು ಮಾತನ್ನು ಒಪ್ಪಿಕೊಂಡವನಿಗೆ ಕಿರುದೋಣಿಯ ಗೃಹಕೃತ್ಯದಲ್ಲಿ ಅರ್ಧ ಭಾಗ ಕರಗತವಾದಂತೆಯೇ.

ಇಂಗ್ಲೆಂಡಿನ ಇಯಾನ್ ಪ್ರಾಕ್ಟರ್ 1957ರಲ್ಲಿ ರೂಪಿಸಿದ ವೇಫೇರರ್ ಎಂಬ ತೆರೆದ ದೋಣಿಯನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಐದು ಮೀಟರಿಗೆ ತುಸು ಕಡಮೆಯಾದ ಅದರ ಉದ್ದದೊಳಗೆ, ಕೂವೆಮರದ ಬುಡದಲ್ಲಿ ಹಾಯಿಗಳನ್ನು ಏರಿಸುವ ಹಗ್ಗಗಳ ತುದಿಗಳು, ನಡುವೆ ಮುಂದಿನ ಹಾಯಿಯನ್ನು ಎಡಬಲಗಳಿಗೆ ಸೆಳೆಯುವ ಎರಡು, ಚುಕ್ಕಾಣಿ ಹಿಡಿದವನ ಕೈಯಲ್ಲಿ ದೊಡ್ಡ ಹಾಯಿಯನ್ನು ಅಂಕೆಯಲ್ಲಿಡುವ ಮೇನ್‌ಶೀಟು, ಇಷ್ಟೂ ಬಂದು ಬೀಳುವುದು ಆಳುಗಳ ಪಾದಗಳಿರತಕ್ಕ ಜಾಗದಲ್ಲಿಯೇ. ಇವುಗಳಲ್ಲಿ ಮೇನ್‌ಶೀಟನ್ನು ಸುತ್ತಿಡಲೇ ಕೂಡದೆಂಬುದು ನನ್ನ ಮತ. ಬಿರುಗಾಳಿಯ ಹೊಡೆತವೊಂದು ಎರಗಿದಾಗ ಕ್ಷಣಾರ್ಧದಲ್ಲಿ ಅದು ಹರಿದು ಹೊರಟು ಹಾಯಿಯನ್ನು ಸಡಿಲಿಸಬೇಕು. ಬಳೆಬಳೆಯಾಗಿ ಸುತ್ತಿಟ್ಟ ಪಕ್ಷದಲ್ಲಿ ಅವುಗಳಲ್ಲೊಂದು ಕಾಲಿಗೆ ತೊಡರಿಯೇ ತೊಡರುತ್ತದೆ. ತುದಿಯಿಂದ ಮೊದಲುಮಾಡಿ, ಎಳೆದಷ್ಟನ್ನೂ ಅದರ ಮೇಲೆಯೇ ಸಡಿಲವಾಗಿ ಬೀಳಗೊಟ್ಟ ರಾಶಿಯು ಕಣ್ಣಿಗೆ ಅಸ್ತವ್ಯಸ್ತವಾಗಿ ತೋರಿದರೂ, ಮೇಲಿನದು ಮೊದಲು ಹೊರಡುವುದರಿಂದ ತಡೆಯಿಲ್ಲದೆ ಬಿಚ್ಚಿಕೊಳ್ಳುತ್ತದೆ.

ಲಂಗರಿನ ಹಗ್ಗಕ್ಕೂ ಇದೇ ನ್ಯಾಯ. ಅದರ ಕೊನೆಯನ್ನು ಮೊದಲು ದೋಣಿಗೆ ಭದ್ರವಾಗಿ ಕಟ್ಟಿ (ಈ ಕಟ್ಟನ್ನು ಮರೆತು ಲಂಗರನ್ನೂ ಹಗ್ಗವನ್ನೂ ಒಟ್ಟಿಗೆ ಸಮುದ್ರರಾಜನಿಗೆ ಸಮರ್ಪಿಸಿದವರ ಸಂಖ್ಯೆ ಅಲ್ಪವಲ್ಲ), ಉಳಿದುದನ್ನು ಬಕೇಟಿನೊಳಕ್ಕೆ ಇಳಿಬಿಟ್ಟು, ಅದರ ಮೇಲೆ ಸರಪಳಿಯನ್ನೂ ಎಲ್ಲಕ್ಕೂ ಮೇಲೆ ಲಂಗರನ್ನೂ ಇಟ್ಟರೆ ಸಾಕು. ಹಗ್ಗ ನೈಲಾನಿನದಾಗಿರಲಿ, ಅಲೆಯ ಸೆಳೆತಕ್ಕೆ ಅದು ಹಿಗ್ಗಿ ಕೊಡುತ್ತದೆ. ಹಾಯಿ ಏರಿಸುವುದಕ್ಕೆ ಮಾತ್ರ ಆ ಗುಣವೇ ದೋಷವಾದ್ದರಿಂದ ಅಲ್ಲಿ ಪಾಲಿಯೆಸ್ಟರು ಸಲ್ಲುತ್ತದೆ.

ಸುತ್ತಲೇಬೇಕಾದ ಹಗ್ಗಗಳಿಗೂ ಒಂದು ಸ್ವಭಾವವುಂಟು. ಬಲಕ್ಕೆ ಹೊಸೆದ ಮೂರೆಳೆಯ ಹಗ್ಗವನ್ನು ಪ್ರದಕ್ಷಿಣವಾಗಿಯೇ ಸುತ್ತಬೇಕು, ಮತ್ತು ಪ್ರತಿಯೊಂದು ಸುತ್ತಿಗೂ ಬೆರಳುಗಳ ನಡುವೆ ಅರ್ಧ ತಿರುವನ್ನು ಕೊಡಬೇಕು. ಹಾಗಾದರೆ ಬಳೆಗಳು ಒಂದರ ಮೇಲೊಂದು ವಿಧೇಯವಾಗಿ ಕೂರುತ್ತವೆ. ಎಳೆಗಳನ್ನು ಹೊಸೆಯದೆ ಹೆಣೆದು ಮಾಡಿದ ಇಂದಿನ ಹಗ್ಗಕ್ಕೆ ಬಲವೆಂದೂ ಎಡವೆಂದೂ ಪಕ್ಷಪಾತವಿಲ್ಲದ ಕಾರಣ, ಒಂದೇ ದಿಕ್ಕಿಗೆ ತಿರುವು ಕೊಡುತ್ತ ಹೋದರೆ ಆ ತಿರುವೆಲ್ಲ ಒಳಗೇ ಸಂಚಿತವಾಗಿ ಮುಂದೆ ಮುರುಟಾಗಿ ಹೊರಬೀಳುತ್ತದೆ. ಅದನ್ನು ಎಂಟರ ಅಂಕಿಯಾಕಾರದಲ್ಲಿ ಮಡಿಚಿದರೆ ಅತ್ತಣ ತಿರುವನ್ನು ಇತ್ತಣದು ಕಳೆಯುತ್ತದೆ. ಸುತ್ತುವುದಕ್ಕೆ ಆರಂಭಿಸುವುದು ಎಂದೆಂದಿಗೂ ಕ್ಲೀಟಿಗೆ, ಎಂದರೆ ಹಗ್ಗವನ್ನು ಬಿಗಿಯುವ ಕೊಂಬಿನ ಗೂಟಕ್ಕೆ, ಬಿಗಿದ ಕಡೆಯಿಂದ. ಬಿಡಿತುದಿಯಿಂದ ಹೊರಟವನು ತಿರುವುಗಳನ್ನೆಲ್ಲ ಕ್ಲೀಟಿನ ಕಡೆಗೇ ಅಟ್ಟಿಕೊಂಡು ಹೋಗಿ, ಹೊರದಾರಿಯಿಲ್ಲದ ಅವುಗಳೊಡನೆ ಕೊನೆಗೆ ಕುಸ್ತಿಗೆ ನಿಲ್ಲುತ್ತಾನೆ. ಸುತ್ತಿ ಮುಗಿದ ಮೇಲೆ ಕ್ಲೀಟಿನ ಬಳಿಯ ಹಗ್ಗದ ಮಡಿಕೆಯೊಂದನ್ನು ಸುರುಳಿಯೊಳಗಿಂದ ಸೆಳೆದು, ಎರಡು ಸಲ ತಿರುಚಿ, ಕ್ಲೀಟಿನ ಮೇಲಿನ ಕೊಂಬಿಗೆ ಹಾಕಿದರೆ ದೋಣಿ ಎಷ್ಟು ಹೊಯ್ದಾಡಿದರೂ ಸುರುಳಿ ಜಾರದು. ಹಾಯಿಯನ್ನು ಇಳಿಸುವಾಗ ಅದನ್ನು ಕೊಂಬಿನಿಂದ ತೆಗೆದು ಕವುಚಿಹಾಕುವುದೊಂದೇ ಕೆಲಸ.

ಇನ್ನು ಸಾಮಾನುಗಳ ವಿಚಾರ. 1789ರ ಏಪ್ರಿಲ್ 28ರಂದು ಬೌಂಟಿ ಹಡಗಿನ ದಂಗೆಕೋರರು ತಮ್ಮ ನಾಯಕ ವಿಲಿಯಂ ಬ್ಲೈಯನ್ನು ಹದಿನೆಂಟು ಮಂದಿ ಸಂಗಡಿಗರೊಡನೆ 23 ಅಡಿಯ ದೋಣಿಯೊಂದಕ್ಕೆ ಇಳಿಸಿ ಕೈಬಿಟ್ಟರಷ್ಟೆ. ಕೆಲವೇ ದಿನಗಳಲ್ಲಿ ಸಾಗರ ಉಕ್ಕಿ ನೀರು ಒಳನುಗ್ಗತೊಡಗಿದಾಗ ಆತನು ಬಡಗಿಯ ಪೆಟ್ಟಿಗೆಯಿಂದ ಉಳಿ ಬಾಚಿಗಳನ್ನು ತೆಗೆಸಿ ಆ ಸ್ಥಾನದಲ್ಲಿ ರೊಟ್ಟಿಯನ್ನು ತುಂಬಿಸಿದನು. ತಲೆಗೆರಡು ಜೊತೆ ಉಡುಪುಗಳನ್ನು ಉಳಿಸಿ ಮಿಕ್ಕ ಬಟ್ಟೆಗಳನ್ನೂ, ಹೆಚ್ಚುವರಿ ಹಾಯಿಗಳನ್ನೂ, ಕೆಲವು ಹಗ್ಗಗಳನ್ನೂ ಸಮುದ್ರಕ್ಕೆ ಎಸೆಸಿದನು. ಜೂನ್ 14ರಂದು, 3,600ಕ್ಕೂ ಮಿಕ್ಕ ನಾವಿಕ ಮೈಲಿಗಳಾಚೆ, ದೋಣಿ ತಿಮೋರ್ ದ್ವೀಪದ ಕುಪಾಂಗನ್ನು ಸೇರಿತು. ಬ್ಲೈಯ ನಾಲಗೆಯ ವಿಷಯದಲ್ಲಿ ಇತಿಹಾಸಕಾರರು ಏನೇ ಹೇಳಲಿ, ಯಾವುದು ಒಣಗಿರಬೇಕು ಯಾವುದು ಇರಲೇಬೇಕಾಗಿಲ್ಲ ಎಂಬ ಆತನ ವಿವೇಚನೆಗೆ ನಾನು ತಲೆಬಾಗುತ್ತೇನೆ. ಅಂಗಡಿಗಳಲ್ಲಿ ಈಗ ದೊರೆಯುವ ಬಗೆಬಗೆಯ ಜೇಬುಚೀಲಗಳನ್ನು ದೋಣಿಯ ಪಾರ್ಶ್ವಗಳಿಗೆಲ್ಲ ತೂಗುಹಾಕಿಕೊಳ್ಳುವ ಮಹನೀಯರು ಆ ಪೆಟ್ಟಿಗೆಯನ್ನು ಒಮ್ಮೆ ನೆನೆಯಬೇಕು.

ವೇಫೇರರಿನ ಮುಂದೆಯೂ ಹಿಂದೆಯೂ ಇರುವ ಮುಚ್ಚಿದ ಕೋಣೆಗಳು ಉಗ್ರಾಣಗಳು ಮಾತ್ರವಲ್ಲದೆ, ದೋಣಿ ಮಗುಚಿದಾಗ ಅದನ್ನು ತೇಲಿಸುವ ಗಾಳಿಯ ಕೊಠಡಿಗಳೂ ಆಗಿವೆಯಾದ್ದರಿಂದ, ಕಂಬಳಿಗಾಗಿ ಕೈಹಾಕಿ ಬಾಗಿಲನ್ನು ಬಿಗಿಯದೆ ಬಿಡುವ ಆಲಸ್ಯವು ಅಲ್ಲಿ ಅಕ್ಷಮ್ಯ. 1963ರಲ್ಲಿ ಇದೇ ಜಾತಿಯ ವಾಂಡರರ್ ಎಂಬ ದೋಣಿಯಲ್ಲಿ ಸ್ಕಾಟ್‌ಲೆಂಡಿನಿಂದ ಐಸ್‌ಲೆಂಡಿಗೆ ಹೋದ ಫ್ರಾಂಕ್ ಡೈ ಮರುವರ್ಷ ಸಂಗಡಿಗನೊಬ್ಬನೊಡನೆ ನಾರ್ವೆಗೆ ಹೊರಟಾಗ, ನಡುಗಡಲಿನ ಚಂಡಮಾರುತದಲ್ಲಿ ದೋಣಿ ಹಲವು ಬಾರಿ ಮಗುಚಿತು, ಕೂವೆಮರ ಮುರಿಯಿತು. ಆದರೂ ಇಬ್ಬರೂ ನಾವಿಕರು ದಡ ಸೇರಿದರು. ಆದುದರಿಂದ ಪ್ರತಿಯೊಂದು ವಸ್ತುವನ್ನೂ ಇಡುವಾಗ ದೋಣಿ ತಲೆಕೆಳಗಾದಂತೆ ಭಾವಿಸಿಕೊಂಡು ಇಡತಕ್ಕದ್ದು. ನೀರೆತ್ತುವ ಬಕೇಟಿಗೂ ಹುಟ್ಟುಗಳಿಗೂ ಕಟ್ಟು ಬೇಕು. ಭಾರವಾದುದೆಲ್ಲ ತಳಕ್ಕೂ ನಡುವಿಗೂ ಸೇರಬೇಕು. ಡಬ್ಬಿಯ ಆಹಾರಗಳ ಕಾಗದದ ಚೀಟಿಗಳನ್ನು ಮೊದಲೇ ಕಿತ್ತು ಹೆಸರನ್ನು ಬಣ್ಣದಿಂದ ಬರೆಯಬೇಕು. ಇಲ್ಲದಿದ್ದರೆ ತಳದ ನೀರಿನಲ್ಲಿ ಆ ಕಾಗದ ನೆನೆದು ಪಂಪಿನ ಬಾಯನ್ನು ಕಟ್ಟುವುದಲ್ಲದೆ, ಊಟದ ಹೊತ್ತಿಗೆ ಬಟಾಣಿಯೋ ಹಣ್ಣೋ ಎಂಬುದನ್ನು ಅದೃಷ್ಟವೇ ನಿರ್ಣಯಿಸಬೇಕಾದೀತು. ಈ ಡಬ್ಬಿಗಳನ್ನು ದಿಕ್ಸೂಚಿಯ ಸಮೀಪದಲ್ಲಿ ಪೇರಿಸಿದರೆ ಅವುಗಳ ಕಬ್ಬಿಣಕ್ಕೆ ಮುಳ್ಳು ಮರುಳಾಗುತ್ತದೆಂಬುದೂ ನೆನಪಿರಲಿ.

ಚಾಕುವಿಗೂ ಅದೇ ಅಂತರ ಸಲ್ಲುತ್ತದೆ. ಆದರೆ ಅದನ್ನು ಯಾವ ಪೆಟ್ಟಿಗೆಯಲ್ಲಿಯೂ ಇಡತಕ್ಕದ್ದಲ್ಲ. ಒರೆಸಹಿತವಾಗಿ ನಡುಪಟ್ಟಿಗೆ ಸಿಕ್ಕಿಸಿ, ಹುರಿಯೊಂದರಿಂದ ಮೈಗೆ ಕಟ್ಟಿಕೊಂಡಿರುವುದೇ ಲೇಸು. ಉಗುರಿನಿಂದ ಬಿಡಿಸಬೇಕಾದ ಮಡಿಚುವ ಚಾಕುಗಳು, ಅವುಗಳಲ್ಲಿ ಎಷ್ಟೇ ಉಪಕರಣಗಳು ಅಡಕವಾಗಿದ್ದರೂ, ಒಂದು ಕೈ ದೋಣಿಯ ಅಂಚನ್ನು ಹಿಡಿದಿರುವಾಗ ನಿರುಪಯೋಗಿ; ಅವು ದಡದ ಮೇಲೆ ಹಣ್ಣು ಹೆಚ್ಚುವುದಕ್ಕೆ ಒದಗಲಿ.