ಮಣ್ಣಲ್ಲಿ ಉಳಿದ ಬೆಳ್ಳಿ

1710ರಲ್ಲಿ ಮೊಹಾಕರೂ ಸೇರಿದಂತೆ ಅಮೆರಿಕದ ನಾಲ್ವರು ಮೂಲನಿವಾಸಿ ನಾಯಕರು ಲಂಡನ್ನಿಗೆ ಹೋಗಿ ರಾಣಿ ಆನ್‌ಳನ್ನು ಕಂಡರು. ಆ ಭೇಟಿಯ ಫಲವಾಗಿ ನ್ಯೂಯಾರ್ಕ್ ಪ್ರಾಂತ್ಯದ ಫೋರ್ಟ್ ಹಂಟರ್‌ನಲ್ಲಿ ಮೊಹಾಕರಿಗೊಂದು ಚರ್ಚು ಎದ್ದಿತು, ರಾಣಿಯ ಬೆಳ್ಳಿ ಪೂಜಾಪಾತ್ರೆಗಳು ಬಂದವು.

ಆ ಪಾತ್ರೆಗಳ ಮೈಮೇಲೆ ಕೊರೆದ ಸಾಲುಗಳನ್ನು ನಿಧಾನವಾಗಿ ಓದಬೇಕು. ಆನ್ ಅಲ್ಲಿ ಬ್ರಿಟನ್, ಐರ್ಲೆಂಡ್‌ಗಳ ಜೊತೆ ಫ್ರಾನ್ಸಿಗೂ ರಾಣಿ! ಆಗ ಫ್ರಾನ್ಸನ್ನು ಆಳುತ್ತಿದ್ದವನು ಹದಿನಾಲ್ಕನೇ ಲೂಯಿ. ಅಕ್ಷರ ಕೊರೆದ ಕೈ ಬಲು ಗಟ್ಟಿ. ಅದು ಸಾರಿದ ಅಧಿಕಾರ ಅಷ್ಟು ಗಟ್ಟಿಯಿರಲಿಲ್ಲ.

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅನೇಕ ಮೊಹಾಕರು ಬ್ರಿಟಿಷ್ ದೊರೆಯ ಪರ ನಿಂತರು. ಊರು ಬಿಡಬೇಕಾಗಿ ಬಂದಾಗ ಬೆಳ್ಳಿಯನ್ನು ನೆಲದಲ್ಲಿ ಹೂತಿಟ್ಟರು. 1783ರ ಪ್ಯಾರಿಸ್ ಒಪ್ಪಂದದಲ್ಲಿ ದೊರೆ ಅವರ ನಾಡನ್ನೂ ಬಿಟ್ಟುಕೊಟ್ಟ. ಅದರಲ್ಲಿ ಅವರ ಹೆಸರು ಕೂಡ ಇಲ್ಲ. ಇದು ನಂಬಿದವರಿಗೆ ಬಗೆದ ದ್ರೋಹ ಎಂದೇ ನನ್ನ ಅಭಿಪ್ರಾಯ.

ಆದರೆ ಮೊಹಾಕರು ಪಾತ್ರೆಗಳನ್ನು ಬಿಡಲಿಲ್ಲ. ಅಗೆದು ತೆಗೆದು, ಕೆನಡಾದಲ್ಲಿ ನೆಲೆಸಿದ ಎರಡು ಬಣಗಳ ನಡುವೆ ಹಂಚಿಕೊಂಡರು. ಬೆಳ್ಳಿಯನ್ನು ಕೊಟ್ಟವಳು ರಾಣಿ, ಉಳಿಸಿದವರು ಅವರೇ. ಇಂದಿಗೂ ಅದು ಗ್ರ್ಯಾಂಡ್ ರಿವರ್ ಮತ್ತು ಟೈಯೆಂಡಿನಾಗಾದ ಮೊಹಾಕರದೇ ಸ್ವತ್ತು.